ಬಲಗಾಲಿನ ಲೈನ್ ಫಾಲ್ಟು

ಬೈಕುಲ್ಲಾ ಪರಿಸರದ ಸಮಸ್ತ ಸದ್ಗೃಹಸ್ಥರ ಗಮನಕ್ಕೆ ತರುವುದೇನೆಂದರೆ, ಸಾವಿರದ ಒಂಬೈನೂರ ಐವತ್ತೇಳನೇ ಇಸವಿ ಜುಲೈ ತಿಂಗಳ ಎರಡನೇ ಮಂಗಳವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಲಕ್ಷ್ಮಿ ಚಾಳಿನ ಮೂರನೇ ಮಾಳಿಗೆಯ ಹತ್ತೊಂಬತ್ತನೇ ನಂಬರಿನ ಖೋಲಿಯಲ್ಲಿ, ಟೆಲಿಫೋನ್ ಆಫೀಸಿನ ಕೇಬಲ್ ಜಾಯಿಂಟರ್ ಶ್ರೀಯುತ ಸಿದ್ದಲಿಂಗಪ್ಪನವರ ಬಲಗಾಲು ಖಾಕಿ ಪ್ಯಾಂಟಿನೊಳಗೆ ಪ್ರವೇಶಿಸಲು ನಿರಾಕರಿಸಿತು. ಎಡಗಾಲು ಆಗಲೇ ಒಳಹೊಕ್ಕು, ಆ ತುದಿಯಲ್ಲಿ ಹೊರಬಂದು, ಜೋಡಿಗಾಗಿ ಕಾಯುತ್ತಿತ್ತು. ಸಂಧಾನ ಎರಡು ನಿಮಿಷ ನಡೆದು ಮುರಿದುಬಿತ್ತು.

ಈ ಘಟನೆಗಾಗಿ ಟ್ರಾಮು ನಿಲ್ಲಲಿಲ್ಲ. ಗಿರಣಿಯ ಭೋಂಗಾ ಒಂದು ಉಸಿರು ಹೆಚ್ಚಿಗೆ ಊದಲಿಲ್ಲ. ಆದರೆ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿ ಇನ್ನೂ ವರ್ಷ ತುಂಬಿರಲಿಲ್ಲವಾದ್ದರಿಂದ, ಧಾರವಾಡದವನ ಕಾಲೂ ಅದೇ ದಾರಿ ಹಿಡಿಯಿತೇನೋ ಎಂದು ಎದುರು ಖೋಲಿಯವರಿಗೆ ಅನುಮಾನ ಬಂದದ್ದುಂಟು.

ಒಲೆಯ ಮುಂದಿದ್ದ ಹೆಂಡತಿ ದಾನವ್ವ ತಿರುಗಿ ನೋಡಿದಳು.

“ಏನ್ರೀ, ಒಂಟಿಗಾಲ ಮ್ಯಾಲೆ ನಿಂತೀರಿ? ತಪಸ್ಸ ಏನರ ಹಿಡದೀರೋ ಏನ?”

“ಕಾಲ ಒಳಗ ಹೋಗವಲ್ದು.”

“ಪ್ಯಾಂಟ ಸಣ್ಣ ಆಗೇತೇನ?”

“ಒಂದ ಕಾಲಿಗೆ ಅಷ್ಟ ಸಣ್ಣ ಆಗತೈತೇನ ಹುಚ್ಚೀ? ಕುಂಡಿಯಿಂದ ಹಿಡದು ಕಿರಿಬೆರಳ ತನಕಾ ಕಾಯ್ದ ತಂತಿ ಎಳದಂಗ ಆಗಾಕತ್ತೈತಿ. ನೋವು ಕೆಳಗ, ಎಳ್ಯಾವ ಮ್ಯಾಲೆ. ಭಾಳ ಮಜಾ ಐತಿ ಇದು.”

ನೋವನ್ನು ‘ಮಜಾ’ ಎನ್ನುವ ಗಂಡಸು ಚಾಳಿನಲ್ಲಿ ಇವನೊಬ್ಬನೇ. ಇದು ಉದ್ಯೋಗದ ಗುಣ. ಹದಿನೆಂಟು ವರ್ಷಗಳಿಂದ ಸಿದ್ದಲಿಂಗಪ್ಪ ಮಾಡುತ್ತಿದ್ದುದು ಇಷ್ಟೇ: ರಸ್ತೆಯ ನಡುವಿನ ಮ್ಯಾನ್‌ಹೋಲಿನ ಮುಚ್ಚಳ ತೆಗೆದು, ಅದರ ಕಬ್ಬಿಣದ ಅಂಚಿನ ಮೇಲೆ ಕೂತು, ಕಾಲು ಒಳಗೆ ಇಳಿಬಿಟ್ಟು, ಕಿವಿಗೆ ಹೆಡ್‌ಫೋನು ಹಚ್ಚಿ, ಸೀಸದ ಕವಚದ ಕೇಬಲ್ಲು ಬಿಚ್ಚಿ, ನೂರಾರು ತಂತಿಗಳ ನಡುವೆ ಸತ್ತ ತಂತಿ ಯಾವುದೆಂದು ಹುಡುಕುವುದು. ಯಾವನೋ ಸೇಠ ತನ್ನ ಫೋನು ಕೆಟ್ಟಿತೆಂದು ಫೋನಿಗೆ ಗುದ್ದುತ್ತಾನೆ. ಫೋನು ಪಾಪ ಏನು ಮಾಡೀತು? ಸತ್ತದ್ದು ಸೇಠನ ಮೇಜಿನ ಮೇಲೆ. ಕೊಂದದ್ದು ಎರಡು ಮೈಲಿ ದೂರದ ಯಾವುದೋ ಕೊಳಚೆಯೊಳಗೆ. ಹೀಗೆ, ಗೋಳು ಕೇಳಿದ ಕಡೆ ಕಳ್ಳ ಇರುವುದಿಲ್ಲ ಎಂಬುದು ಸಿದ್ದಲಿಂಗಪ್ಪನ ಜೀವನಸಿದ್ಧಾಂತವಾಗಿತ್ತು.

ಅಂತೂ ಹೆಂಡತಿಯ ಭುಜ ಹಿಡಿದು ಕಾಲನ್ನು ಪ್ಯಾಂಟಿಗೆ ತುರುಕಿ, ಕುಂಟುತ್ತ ಆಫೀಸು ಸೇರಿದ. ಅಲ್ಲಿ ನೋಟೀಸ್ ಬೋರ್ಡಿನ ಮುಂದೆ ಜನ ಸೇರಿತ್ತು. ಟೆಸ್ಟ್ ರೂಮಿನ ಪಿಂಟೋ ನಿವೃತ್ತನಾಗಿ ಅವನ ಕುರ್ಚಿ ಖಾಲಿಯಾಗಿತ್ತು. ಟೆಸ್ಟ್ ರೂಮಿನ ಆ ಕುರ್ಚಿಯ ವರ್ಣನೆಯನ್ನು ಮ್ಯಾನ್‌ಹೋಲಿನವರ ಬಾಯಿಂದಲೇ ಕೇಳಬೇಕು. ಬೆತ್ತ ಹೆಣೆದ ಸೀಟು, ಎರಡು ಕಡೆ ಕೈ ಇಡುವ ಹಿಡಿ, ನೆತ್ತಿಯ ಮೇಲೆ ಫ್ಯಾನು. ಮಳೆ ಬಂದರೆ ಕಿಟಕಿಯಿಂದ ನೋಡಬಹುದು; ಮ್ಯಾನ್‌ಹೋಲಿನವನ ಹಾಗೆ ಮಳೆಯನ್ನು ಕಾಲರಿನಿಂದ ಒಳಗೆ ಬಿಟ್ಟುಕೊಳ್ಳಬೇಕಾಗಿಲ್ಲ. ನೋಟೀಸಿನಲ್ಲಿ ಹೀಗಿತ್ತು: ಈ ಒಂದು ಜಾಗವನ್ನು, ಮ್ಯಾನ್‌ಹೋಲ್ ಕೆಲಸಕ್ಕೆ ಅಸಮರ್ಥನೆಂದು ಮೆಡಿಕಲ್ ಬೋರ್ಡು ಸರ್ಟಿಫಿಕೇಟು ಕೊಟ್ಟ ಕೇಬಲ್ ನೌಕರನಿಗೆ ಕೊಡಲಾಗುವುದು. ಬೋರ್ಡಿನ ಪರೀಕ್ಷೆ ಆಗಸ್ಟ್ ಐದು, ಸೋಮವಾರ.

ಸಿದ್ದಲಿಂಗಪ್ಪ ನೋಟೀಸು ಓದಿದ. ಬಲಗಾಲನ್ನು ನೋಡಿದ. ಬೆಳಿಗ್ಗೆಯಿಂದ ವೈರಿಯಂತೆ ಕಂಡಿದ್ದ ಕಾಲು ಈಗ ಮನೆಗೆ ಬಂದ ಮಾವನಂತೆ ಕಂಡಿತು.

ಹೆಡ್ ಕ್ಲರ್ಕ್ ತಾಂಬೆ ಬೆಳಗಾವಿಯವರು. ಮರಾಠಿಯಲ್ಲಿ ಕೂತು ಕನ್ನಡದಲ್ಲಿ ಏಳುವವರು. ಇವನ ಕುಂಟನ್ನು ಅವರೂ ಗಮನಿಸಿದರು. “ಕಾಯ್ ಸಿದ್ದಲಿಂಗಪ್ಪಾ, ನೋಟೀಸ್ ನೋಡಿ ಕುಂಟಾಕ ಸುರು ಮಾಡಿದೆ ಏನು?”

“ಸಾಹೇಬ್ರ, ನೋಟೀಸ್ ಹಚ್ಚಿದ್ದು ಹತ್ತಕ್ಕ. ನಾ ಕುಂಟಿದ್ದು ಏಳಕ್ಕ.”

“ಬರೋಬರ್. ಹಂಗಾದ್ರ ಅರ್ಜಿ ಬರಿ. ಆದ್ರ ಬೋರ್ಡಿನವ್ರು ಕುಂಟಿಗೆ ನಂಬೂದಿಲ್ಲ. ಕುಂಟು ಎಲ್ಲಿಂದ ಬಂತು ಅಂತ ಕೇಳ್ತಾರ.”

ಎಲ್ಲಿಂದ ಬಂತು! ಸಿದ್ದಲಿಂಗಪ್ಪನಿಗೂ ಅದೇ ಬೇಕಾಗಿತ್ತು. ಈಗ ಕುತೂಹಲಕ್ಕೆ ಕುರ್ಚಿಯೂ ಜೊತೆಯಾಯಿತು.

ಆದರೆ ಮನೆಯಲ್ಲಿ ದಾನವ್ವನ ಲೆಕ್ಕ ಬೇರೆಯಿತ್ತು. ಗಂಡನ ಕಾಲು ನೋಯುತ್ತಿದೆ, ನೋವು ಹೋಗಬೇಕು. ಹರಳೆಣ್ಣೆ ಕಾಸಿ ಮೀನಖಂಡಕ್ಕೆ ತಿಕ್ಕಿದಳು. ಎಕ್ಕದ ಎಲೆ ಕಾಯಿಸಿ ಕಟ್ಟಿದಳು. ಉಸುಕು ಹುರಿದು ಗಂಟು ಕಟ್ಟಿ ಶಾಖ ಕೊಟ್ಟಳು. ಪ್ರತಿಯೊಂದಕ್ಕೂ ಸಿದ್ದಲಿಂಗಪ್ಪ ಒಳಗೊಳಗೇ ನಡುಗಿದ. ಇದೇನಾದರೂ ಗುಣಗಿಣವಾಗಿ ಬಿಟ್ಟರೆ?

ಗುರುವಾರ ಬೆಳಿಗ್ಗೆ ಅವಳು ಕೊನೆಯ ಅಸ್ತ್ರ ತೆಗೆದಳು. ಎರಡನೇ ಮಾಳಿಗೆಯ ಕಾಶವ್ವ ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಹಾಗೆ ಹುಟ್ಟಿದವರು ಸೊಂಟಕ್ಕೆ ಮೂರು ಸಲ ಒದ್ದರೆ ಎಂಥ ಚಳಕೂ ಬಿಟ್ಟು ಓಡುತ್ತದೆಂಬುದು ವಿಜಾಪುರದಿಂದ ಬೈಕುಲ್ಲಾದ ತನಕ ಸರ್ವರೂ ಒಪ್ಪಿದ ಮಾತು. ನಮ್ಮಲ್ಲಿ ಗದ್ದುಗೆಗೆ ತಲೆ ಮುಂದಾಗಿ ಹೋಗುವವರು ಸಾವಿರ ಇದ್ದಾರೆ. ಲೋಕಕ್ಕೆ ಕಾಲು ಮುಂದಾಗಿ ಬಂದವರು ಸಿಗುವುದು ಅಪರೂಪ. ಹಾಗಾಗಿ ಕಾಶವ್ವನ ಒದೆತಕ್ಕೆ ಪರೇಲಿನಿಂದಲೂ ಗಿರಾಕಿ ಬರುತ್ತಿತ್ತು.

ಹೊಸ್ತಿಲ ಕಡೆ ಮುಖ ಮಾಡಿ ಸಿದ್ದಲಿಂಗಪ್ಪ ಬಗ್ಗಿದ. ನಾಟದಿರಲಪ್ಪ ಎಂದು ದೇವರಿಗೆ ಬೇಡಿಕೊಂಡ. ಕಾಶವ್ವನಿಗೆ ಎಪ್ಪತ್ತೈದು. ಕಾಲು ಎತ್ತಲು ಒಂದು ಕಡೆ ದಾನವ್ವ, ಇನ್ನೊಂದು ಕಡೆ ಗೋಡೆ ಬೇಕಾಯಿತು. ಒದೆತ ಕೋಳಿ ಕೆದಕಿದ ಹಾಗೆ ಬಿತ್ತು. ಮೂರನೆಯದು ಬೀಳುವಷ್ಟರಲ್ಲಿ ಒದ್ದವಳೇ “ಅಯ್ಯಯ್ಯಪ್ಪಾ” ಎಂದು ಕೂತುಬಿಟ್ಟಳು.

“ಅಜ್ಜೀ, ಏನಾತು?”

“ಮೊಣಕಾಲ, ತಮ್ಮಾ. ಹತ್ತ ವರ್ಷ ಆತು.”

“ಮತ್ತ ನಿನಗ ಯಾರ ಒದಿತಾರ?”

“ಅದನ್ನ ಹುಡುಕಾಕತ್ತೀನಿ ನೋಡು. ನನ್ನಂಗ ಹುಟ್ಟಿದಾಕಿ ಒಬ್ಬಾಕಿ ಆಂಟಾಪ್ ಹಿಲ್‌ದಾಗ ಅದಾಳಂತ. ಆದ್ರ ಅಲ್ಲೀತನಾ ನಡೀಬೇಕಲ್ಲೋ ಯಪ್ಪಾ.”

ಒದೆತದಿಂದ ನೋವು ಹೋಗಲಿಲ್ಲ. ಸಿದ್ದಲಿಂಗಪ್ಪ ಸಮಾಧಾನದ ಉಸಿರು ಬಿಟ್ಟ. ಆದರೆ ಒಂದು ಪ್ರಶ್ನೆ ಹಾಗೇ ಉಳಿಯಿತು: ಎಲ್ಲರೂ ನೋವಿರುವ ಜಾಗಕ್ಕೇ ಯಾಕೆ ಗಂಟು ಬೀಳುತ್ತಾರೆ? ಮೀನಖಂಡ ನೋಯುತ್ತದೆಂದು ಮೀನಖಂಡಕ್ಕೆ ಎಣ್ಣೆ ತಿಕ್ಕುವುದು, ಫೋನು ಮಾತಾಡುವುದಿಲ್ಲವೆಂದು ಫೋನಿಗೆ ಎಣ್ಣೆ ತಿಕ್ಕಿದ ಹಾಗಲ್ಲವೇ?

ಈ ಪ್ರಶ್ನೆ ಹೊತ್ತುಕೊಂಡು ಶುಕ್ರವಾರ ಸಂಜೆ ಡಾಕ್ಟರ್ ಸದಾನಂದರ ದವಾಖಾನೆಗೆ ಹೋದ. ಉಡುಪಿ ಕಡೆಯ ಈ ಡಾಕ್ಟರ್ ಹಿಟ್ಟಿನ ಗಿರಣಿಯ ಮೇಲಿನ ಮಾಳಿಗೆಯಲ್ಲಿ ಕೂರುತ್ತಿದ್ದರು. ಗಿರಣಿ ನಡೆಯುವಾಗ ರೋಗಿಯ ಎದೆಬಡಿತ ಯಾವುದು, ಜೋಳದ ಬಡಿತ ಯಾವುದು ಎಂದು ತಿಳಿಯಲು ಅನುಭವ ಬೇಕಾಗಿತ್ತು. ಅವರು ಸಿದ್ದಲಿಂಗಪ್ಪನನ್ನು ಅಂಗಾತ ಮಲಗಿಸಿ, ಬಲಗಾಲನ್ನು ಮೊಣಕಾಲು ಮಡಚದಂತೆ ಹಿಡಿದು ಮೆಲ್ಲಗೆ ಮೇಲೆತ್ತಿದರು. ಒಂದು ಗೇಣು, ಎರಡು ಗೇಣು. ಅಷ್ಟೇ. ಸಿದ್ದಲಿಂಗಪ್ಪನ ಕೂಗಿಗೆ ಕೆಳಗಿನ ಗಿರಣಿಯವ ಯಂತ್ರ ನಿಲ್ಲಿಸಿದ.

“ಸಯಾಟಿಕಾ,” ಎಂದರು ಡಾಕ್ಟರ್.

“ಯಾವ ಟೀಕಾರಿ? ನಾ ಯಾರನ್ನೂ ಟೀಕಿಸಿಲ್ರಿ.”

“ಟೀಕೆ ಅಲ್ಲ ಮಾರಾಯ್ರೆ, ಇದು ನರದ ಹೆಸರು. ಇಲ್ಲಿ ನೋಡಿ.” ಗೋಡೆಗೆ ತೂಗುಹಾಕಿದ ಬಣ್ಣದ ಚಿತ್ರದಲ್ಲಿ ಚರ್ಮವಿಲ್ಲದ ಮನುಷ್ಯನೊಬ್ಬ ಬೆನ್ನು ತಿರುಗಿಸಿ ನಿಂತಿದ್ದ. “ಸೊಂಟದ ಬುಡದಿಂದ ಐದು ಬೇರು ಹೊರಡ್ತದೆ. ಐದೂ ಸೇರಿ ಒಂದಾಗ್ತದೆ. ನಿಮ್ಮ ಕಿರುಬೆರಳಿನಷ್ಟು ದಪ್ಪ ಉಂಟು. ಮೈಯಲ್ಲಿ ಇದಕ್ಕಿಂತ ದಪ್ಪ ನರ ಬೇರೆ ಇಲ್ಲ.”

“ಅಂದ್ರ ಮೇನ್ ಕೇಬಲ್.”

“ಹಾಗೇ ಇಟ್ಟುಕೊಳ್ಳಿ. ಕುಂಡೆಯ ಸ್ನಾಯುವಿನ ಅಡಿಯಿಂದ ಬಂದು, ತೊಡೆಯ ಹಿಂದೆ ಇಳಿದು, ಮೊಣಕಾಲಿನ ಹತ್ತಿರ ಎರಡಾಗ್ತದೆ.”

“ಜಂಕ್ಷನ್ ಬಾಕ್ಸ್.”

“ಅಲ್ಲಿಂದ ಪಾದಕ್ಕೆ, ಬೆರಳಿಗೆ. ಮೇಲೆ ಎಲ್ಲಿ ಒತ್ತಿದರೂ ಕೆಳಗೆ ಬೊಬ್ಬೆ ಕೇಳ್ತದೆ. ಕಾಲಿಗೆ ಏನೂ ಆಗಿಲ್ಲ. ಕಾಲು ಬರೀ ಕಂಪ್ಲೇಂಟು ಕೊಡುವುದು.”

ಸಿದ್ದಲಿಂಗಪ್ಪ ಎದ್ದು ಕೂತ. ಕಣ್ಣು ಹೊಳೆದವು. “ಸಾಹೇಬ್ರ, ಹದಿನೆಂಟ ವರ್ಷದಿಂದ ಸೇಠಗೋಳಿಗೆ ನಾ ಇದನ್ನ ಹೇಳಾಕತ್ತೀನಿ, ಯಾರೂ ಕೇಳವಲ್ರು!”

ಡಾಕ್ಟರಿಗೆ ಇಂಥ ರೋಗಿ ಸಿಕ್ಕಿರಲಿಲ್ಲ. ಅವರಿಗೂ ಉಮೇದು ಬಂತು. “ಕೆಮ್ಮಿ ನೋಡುವ. ಕಾಲಿಗೆ ಶಾಕ್ ಹೊಡೀತದಾ?”

“ಇಲ್ರಿ.”

“ಸೀನಿದರೆ?”

“ಮೊನ್ನಿ ಮೆಣಸಿನಕಾಯಿ ಘಾಟಿಗೆ ಹನ್ನೊಂದ ಸಲ ಸೀನೀನ್ರಿ. ಮೂಗಷ್ಟ ಹೋತು. ಕಾಲಿಗೆ ಏನೂ ಆಗ್ಲಿಲ್ಲ.”

“ವಿಚಿತ್ರ. ಬೆನ್ನುಮೂಳೆಯ ನಡುವಿನ ಗಾದಿ ಜಾರಿ ನರ ಒತ್ತಿದರೆ, ಹೆಚ್ಚಾಗಿ ಸೀನಿಗೆ ಚುರುಕ್ ಅಂತದೆ. ನಿಮಗೆ ಇನ್ನೂ ಕೆಳಗೆ ಎಲ್ಲಿಯೋ ಒತ್ತುತ್ತಿರಬಹುದು. ಎಲ್ಲಿ, ಏನು ಒತ್ತುತ್ತದೆ ಅಂತ ನನಗೆ ಗೊತ್ತಿಲ್ಲ.”

‘ಗೊತ್ತಿಲ್ಲ’ ಎನ್ನುವ ಡಾಕ್ಟರನ್ನು ಸಿದ್ದಲಿಂಗಪ್ಪ ಜೀವನದಲ್ಲಿ ಮೊದಲ ಸಲ ನೋಡಿದ. ಆ ಕ್ಷಣದಿಂದ ಅವರ ಮೇಲೆ ಅವನಿಗೆ ಪೂರ್ತಿ ನಂಬಿಕೆ ಬಂದಿತು. ಅವರು ಆಸ್ಪಿರಿನ್ ಗುಳಿಗೆ ಬರೆದು, ಗಟ್ಟಿ ಹಲಗೆಯ ಮೇಲೆ ಮಲಗಲು ಹೇಳಿ, ಕೊನೆಗೆ ದನಿ ಬದಲಿಸಿ ಒಂದು ಮಾತು ಸೇರಿಸಿದರು: “ಬೆರಳು ಜೋಮು ಹಿಡಿದರೆ, ಪಾದ ಜೋತು ಬಿದ್ದರೆ, ತಮಾಷೆ ಮಾಡಬೇಡಿ. ಕೂಡಲೇ ಬನ್ನಿ. ನರ ಹೆಚ್ಚು ದಿನ ಕಾಯುವುದಿಲ್ಲ.”

ಹತ್ತಡಿ ಹನ್ನೆರಡಡಿಯ ಖೋಲಿಗೆ ಹಲಗೆ ಎಲ್ಲಿಂದ ತರುವುದು? ಚಾಳಿನ ಮೂಲೆಯಲ್ಲಿ ಹೋಟೆಲಿಟ್ಟಿದ್ದ ಗೆಳೆಯ ಕೊರಗಪ್ಪ, ಬಾಗಿಲಲ್ಲಿ ನಿಲ್ಲಿಸುವ ತಿಂಡಿಪಟ್ಟಿಯ ಹಳೇ ಕರಿಹಲಗೆ ಕೊಟ್ಟ. ಅದರ ಮೇಲೆ ಬನಿಯನ್ನಿನಲ್ಲಿ ಮಲಗಿ ಎದ್ದ ಸಿದ್ದಲಿಂಗಪ್ಪನ ಬೆನ್ನಿನಲ್ಲಿ ಮಾರನೇ ದಿನ ‘ಗೋಳಿಬಜೆ, ಬನ್ಸ್’ ಎಂದು ಉಲ್ಟಾ ಅಕ್ಷರದಲ್ಲಿ ಮೂಡಿತ್ತು. ನಳದ ಹತ್ತಿರ ಹಲ್ಲುಜ್ಜುತ್ತಿದ್ದವರು ಓದಿ, ಬನ್ಸ್ ಬಿಸಿ ಇದೆಯೇ ಎಂದು ವಿಚಾರಿಸಿದರು.

ಭಾನುವಾರ ಸಿದ್ದಲಿಂಗಪ್ಪ ತನಿಖೆಗೆ ಕೂತ. ಆಫೀಸಿನ ಕಾಪಿಂಗ್ ಪೆನ್ಸಿಲು, ಉಗುಳು ತಾಕಿದರೆ ನೇರಳೆ ಬಣ್ಣ ಬಿಡುವಂಥದ್ದು, ನಾಲಗೆಗೆ ಹಚ್ಚಿಕೊಂಡು ನೋವು ಹರಿಯುವ ದಾರಿಯನ್ನು ಕಾಲಿನ ಮೇಲೆಯೇ ಗೆರೆ ಎಳೆದ. ಕೈಗೆ ಸಿಗದ ಕಡೆ ದಾನವ್ವ ಎಳೆದಳು. ಕಾಲಿನ ಮೇಲೆ ಕೇಬಲ್ ರಸ್ತೆಯ ನಕ್ಷೆ ತಯಾರಾಯಿತು. ಕೇಬಲ್ಲಿನ ಫಾಲ್ಟು ಹಿಡಿಯುವ ಕ್ರಮ ಒಂದೇ. ಎರಡೂ ತುದಿಯಿಂದ ಪರೀಕ್ಷಿಸುತ್ತ ಬರಬೇಕು, ನಡುವೆ ಎಲ್ಲಿ ಕರಗುಟ್ಟುತ್ತದೆಯೋ ಅಲ್ಲಿ ಅಗೆಯಬೇಕು. ಮೇಲಿನ ತುದಿ ಸೊಂಟ. ಸೀನಿಗೆ ಜಗ್ಗಲಿಲ್ಲ, ಅಂದರೆ ಎಕ್ಸ್‌ಚೇಂಜು ಸರಿಯಾಗಿದೆ. ಕೆಳಗಿನಿಂದ ಹೆಬ್ಬೆರಳು ಒತ್ತುತ್ತ ಬಂದ. ಮೀನಖಂಡ, ಮೌನ. ಮೊಣಕಾಲು, ಮೌನ. ತೊಡೆ, ಮೌನ. ಸಭ್ಯರು ಪೃಷ್ಠವೆಂದೂ ಚಾಳಿನವರು ಕುಂಡಿಯೆಂದೂ ಕರೆಯುವ ಸ್ಥಳದ ನಡುಮಧ್ಯಕ್ಕೆ ಹೆಬ್ಬೆರಳು ಊರಿದ್ದೇ ತಡ,

“ಸತ್ತೆ!” ಎಂದು ಕೂಗಿ, ಮರುಗಳಿಗೆ, “ಸಿಕ್ತು! ದಾನೀ, ಸಿಕ್ತು!” ಎಂದ.

“ಸತ್ತದ್ದೋ ಸಿಕ್ಕದ್ದೋ, ಒಂದ ಹೇಳ್ರಿ.”

“ಇಲ್ಲೆ ಐತಿ ಫಾಲ್ಟು! ಆದ್ರ ಇಲ್ಲೆ ಏನ ಒತ್ತತೈತಿ? ಅದೂ ನಿನ್ನಿ ಶನಿವಾರ ಸಂಜೀಕ ನೋವು ಪೂರಾ ಇತ್ತು. ಇವತ್ತ ಅರ್ಧಾ ಆಗೇತಿ. ಐತ್ವಾರ ಸೂಟಿ ಅಂತ ನರಕ್ಕ ಹೆಂಗ ಗೊತ್ತು?”

ದಾನವ್ವ ಒಗೆಯಲು ತೆಗೆದಿಟ್ಟ ಖಾಕಿ ಪ್ಯಾಂಟು ಕೈಯಲ್ಲಿ ಹಿಡಿದಿದ್ದಳು. ಅದರ ಹಿಂದಿನ ಬಲಗಡೆಯ ಜೇಬನ್ನು ನೋಡಿದಳು. ಗಂಡನ ಆ ಸ್ಥಳವನ್ನು ನೋಡಿದಳು. ಮತ್ತೆ ಜೇಬನ್ನು ನೋಡಿದಳು.

“ರೀ,” ಎಂದಳು ನಿಧಾನವಾಗಿ, “ನಿಮ್ಮ ಪಕ್ಕಡ ಎಲ್ಲೆ ಇಟ್ಟೀರಿ?”

ತಂತಿ ಹಿಡಿಯುವ, ತಿರುಚುವ, ಕತ್ತರಿಸುವ ಆ ಕಬ್ಬಿಣದ ಪಕ್ಕಡ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಭಾನುವಾರ ಅದರ ಜಾಗ ಅದು. ಉಳಿದ ಆರು ದಿನ ಅದರ ಜಾಗ ಹಿಂದಿನ ಬಲಜೇಬು. ಕಾರಣವಿತ್ತು. ಮ್ಯಾನ್‌ಹೋಲಿನ ಅಂಚಿನಲ್ಲಿ ಸಾಮಾನು ಇಟ್ಟು ಕತ್ತು ಒಳಗೆ ಹಾಕಿದರೆ, ಕತ್ತು ಹೊರಗೆ ಬರುವಷ್ಟರಲ್ಲಿ ಸಾಮಾನು ಚೋರ್ ಬಜಾರಿನಲ್ಲಿ ಇರುತ್ತದೆ. ಹಾಗೆ ಒಂದು ಪಕ್ಕಡ ಕಳೆದು ಆಫೀಸಿನಿಂದ ಮೆಮೋ ತಿಂದ ಮೇಲೆ, ಹೊಸ ಪಕ್ಕಡವನ್ನು ಸಿದ್ದಲಿಂಗಪ್ಪ ಕೂತಾಗಲೂ ಕೆಳಗೇ ಇಟ್ಟುಕೊಳ್ಳುತ್ತಿದ್ದ. ತನ್ನ ಕುಂಡಿಯ ಕೆಳಗಿನ ವಸ್ತುವನ್ನು ಕದಿಯುವ ಕಳ್ಳ ಮುಂಬಯಿಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ಅವನ ಹೆಮ್ಮೆ. ಕಬ್ಬಿಣದ ಅಂಚು ಕೆಳಗೆ, ಕಬ್ಬಿಣದ ಪಕ್ಕಡ ಮೇಲೆ, ಅದರ ಮೇಲೆ ದಿನಕ್ಕೆ ಆರು ತಾಸು ಸಿದ್ದಲಿಂಗಪ್ಪ.

ದಾನವ್ವ ಪ್ಯಾಂಟನ್ನು ಬೆಳಕಿಗೆ ಹಿಡಿದಳು. ಜೇಬಿನ ಬಟ್ಟೆ ಪಕ್ಕಡದ ಆಕಾರಕ್ಕೇ ಸವೆದಿತ್ತು: ಎರಡು ಹಿಡಿ, ಒಂದು ಮೂತಿ. ಗಂಡನ ಚರ್ಮದ ಮೇಲೂ ಅದೇ ಆಕಾರದ ಕಪ್ಪು ಗುರುತು. ನೇರಳೆ ಗೆರೆ ಸರಿಯಾಗಿ ಅದರ ಮೂತಿಯೊಳಗಿಂದ ಹಾದುಹೋಗಿತ್ತು.

“ಹದಿನೆಂಟ ವರ್ಷ ಊರ ಮಂದಿ ಫಾಲ್ಟ ಹಿಡದ್ರಿ,” ಎಂದಳು ದಾನವ್ವ, “ನಿಮ್ಮ ಫಾಲ್ಟಿನ ಮ್ಯಾಲೆ ನೀವ ಕುಂತಿದ್ರಿ.”

ಸಿದ್ದಲಿಂಗಪ್ಪ ಪಕ್ಕಡವನ್ನು ಮೊಳೆಯಿಂದ ಇಳಿಸಿ ಗುರುತಿನ ಮೇಲೆ ಇಟ್ಟು ನೋಡಿದ. ಮನುಷ್ಯನಿಗೆ ಇಂಥ ಆನಂದ ಪದೇ ಪದೇ ಸಿಗುವುದಿಲ್ಲ. ವೈದ್ಯಶಾಸ್ತ್ರ ‘ಗೊತ್ತಿಲ್ಲ’ ಎಂದದ್ದನ್ನು ಖೋಲಿ ನಂಬರ್ ಹತ್ತೊಂಬತ್ತು ಪತ್ತೆ ಹಚ್ಚಿತ್ತು. ಆಮೇಲೆ ನಿಧಾನವಾಗಿ ಅವನ ಮುಖ ಬಾಡಿತು.

“ಯಾಕ್ರೀ? ನಾಳಿಂದ ಪಕ್ಕಡ ಚೀಲದಾಗ ಹಾಕಿ ಕೊರಳಿಗೆ ಕಟ್ಟಿಕೊಳ್ರಿ. ಹದಿನೈದ ದಿವಸದಾಗ ಆರಾಮ ಆಗತೈತಿ.”

“ಅದಕ್ಕ ಮಾರಿ ಇಳದದ್ದು. ಆಗಸ್ಟ ಐದಕ್ಕ ಬೋರ್ಡ ಐತಿ. ಆರಾಮ ಆದ್ರ ಕುರ್ಚಿ ಹೋತು.”

ಆ ರಾತ್ರಿ ಗೋಳಿಬಜೆ ಹಲಗೆಯ ಮೇಲೆ ಮಲಗಿ ಅವನು ಮಹಾಯೋಜನೆ ರೂಪಿಸಿದ. ಆಗ ದೇಶದಲ್ಲಿ ಎರಡನೇ ಪಂಚವಾರ್ಷಿಕ ಯೋಜನೆ ನಡೆಯುತ್ತಿತ್ತು. ಇದು ಮೂರು ವಾರಗಳದ್ದು. ಒಂದು: ಆಗಸ್ಟ್ ಐದರ ತನಕ ನೋವನ್ನು ಜತನವಾಗಿ ಕಾಪಾಡುವುದು. ಎರಡು: ಬೋರ್ಡಿನ ಮುಂದೆ ಅದನ್ನು ಪ್ರದರ್ಶಿಸಿ ಸರ್ಟಿಫಿಕೇಟು ಪಡೆಯುವುದು. ಮೂರು: ಕುರ್ಚಿಯ ಮೇಲೆ ಕೂತು, ಪಕ್ಕಡವನ್ನು ಶಾಶ್ವತವಾಗಿ ಮೊಳೆಗೆ ನೇತುಹಾಕಿ, ಗುಣವಾಗುವುದು. ರೋಗ ನಿಜ, ಕಾರಣ ನಿಜ, ಔಷಧ ಕೈಯಲ್ಲೇ ಇದೆ. ಸ್ವಲ್ಪ ತಡವಾಗಿ ತೆಗೆದುಕೊಳ್ಳುತ್ತೇನೆ, ಅಷ್ಟೇ. ಇದರಲ್ಲಿ ಸುಳ್ಳೆಲ್ಲಿದೆ? ಹಲಗೆಯೂ ಇಲ್ಲವೆನ್ನಲಿಲ್ಲ.

ಅಂದಿನಿಂದ ನೋವಿಗೆ ರಾಜೋಪಚಾರ ಶುರುವಾಯಿತು. ಆಫೀಸಿನಲ್ಲಿ ಪಕ್ಕಡದ ಮೇಲೆ, ಟ್ರಾಮಿನಲ್ಲಿ ಪಕ್ಕಡದ ಮೇಲೆ. ಪರೀಕ್ಷೆ ಸೋಮವಾರವಾದ್ದರಿಂದ, ಭಾನುವಾರದ ವಿಶ್ರಾಂತಿಯಲ್ಲಿ ನೋವು ಸೊರಗಬಾರದೆಂದು ರಜೆಯ ದಿನವೂ ಕೊರಗಪ್ಪನ ಹೋಟೆಲಿನ ಬೆಂಚಿನ ಮೇಲೆ ಪಕ್ಕಡ ಇಟ್ಟುಕೊಂಡು ಅಭ್ಯಾಸಕ್ಕೆ ಕೂತ.

“ಎಂತದು ಮಾರಾಯ್ರೆ ಇದು?” ಗಲ್ಲಾದಿಂದ ಕೊರಗಪ್ಪ ಕೇಳಿದ. “ಕೋಳಿ ಮೊಟ್ಟೆಗೆ ಕೂತ ಹಾಗೆ ಕೂತಿದ್ದೀರಿ. ಮರಿ ಯಾವಾಗ?”

“ಆಗಸ್ಟ ಐದಕ್ಕ.”

“ಹೆಣ್ಣೋ ಗಂಡೋ?”

“ಕುರ್ಚಿ.”

“ನಮ್ಮ ಊರಲ್ಲಿ ಮನೆ ಬೀಳಲಿ ಅಂತ ಕಂಬಕ್ಕೆ ಗೆದ್ದಲು ಸಾಕಿದವ ಒಬ್ಬ ಇದ್ದ, ಸರಕಾರದ ಪರಿಹಾರ ಸಿಗ್ತದೆ ಅಂತ,” ಎಂದು ಚಹಾ ಬಗ್ಗಿಸುತ್ತ ಕೊರಗಪ್ಪ ಹೇಳಿದ. “ಮನೆ ಬಿತ್ತು. ಅವ ಒಳಗೆ ಇದ್ದ.”

ಸಿದ್ದಲಿಂಗಪ್ಪ ನಕ್ಕ. ಆದರೆ ಜುಲೈ ಕೊನೆಯ ವಾರ, ಮಳೆ ಬಿಡದೆ ಸುರಿಯುತ್ತಿದ್ದ ಒಂದು ಸಂಜೆ, ಅವನು ಖೋಲಿಯ ಬಾಗಿಲಿಗೆ ಬಂದು ಕಾಲೊರೆಸುವಾಗ ದಾನವ್ವ ಕೇಳಿದಳು: “ಬಲಗಾಲಿನ ಚಪ್ಪಲಿ ಎಲ್ಲೆ ಐತ್ರಿ?”

ಕೆಳಗೆ ನೋಡಿಕೊಂಡ. ಇರಲಿಲ್ಲ. ಎಲ್ಲಿ ಕಳಚಿತೋ ತಿಳಿದಿರಲಿಲ್ಲ. ದಾನವ್ವ ಕೆಳಗಿಳಿದು ಹೋಗಿ, ಮೊದಲನೇ ಮಾಳಿಗೆಯ ಮೆಟ್ಟಿಲ ಮೇಲೆ ಬಿದ್ದಿದ್ದ ಚಪ್ಪಲಿಯನ್ನು ತಂದು ಅವನ ಮುಂದಿಟ್ಟಳು. ಎರಡು ಮಾಳಿಗೆಯ ಮೆಟ್ಟಿಲನ್ನು ಅವನು ಒಂದು ಬರಿಗಾಲಲ್ಲಿ ಹತ್ತಿದ್ದ. ಆ ಕಾಲು ಅವನಿಗೆ ಸುದ್ದಿಯನ್ನೇ ಕೊಟ್ಟಿರಲಿಲ್ಲ.

“ಬೆರಳ ಜುಮ್ ಅಂತಾವೇನ?”

“ಒಂಚೂರು.”

“ಡಾಕ್ಟರ್ ಏನ ಹೇಳಿದ್ರು? ತಮಾಷಿ ಮಾಡಬ್ಯಾಡ್ರಿ ಅಂದಿಲ್ಲೇನ?” ಚಪ್ಪಲಿಯನ್ನು ಎತ್ತಿ ನೆಲಕ್ಕೆ ಕುಕ್ಕಿದಳು. “ಕುರ್ಚಿ ಬರತೈತಿ ಖರೆ. ಕುರ್ಚಿ ಮ್ಯಾಲೆ ಕುಂತು ಕಾಲ ಎಲ್ಲೆ ಇಡ್ತೀರಿ? ಗಿರವಿ ಇಟ್ಟಿರ್ತೀರಲ್ಲ!”

ಸಿದ್ದಲಿಂಗಪ್ಪ ತನ್ನ ಕಿರುಬೆರಳನ್ನು ಚಿವುಟಿ ನೋಡಿದ. ಬೇರೆ ಯಾರದೋ ಬೆರಳು ಚಿವುಟಿದ ಹಾಗಿತ್ತು. ಹದಿನೆಂಟು ವರ್ಷದಲ್ಲಿ ಎಷ್ಟೋ ಲೈನುಗಳು ಮೊದಲು ಕರಗುಟ್ಟಿ, ಆಮೇಲೆ ಗುಸುಗುಟ್ಟಿ, ಕೊನೆಗೆ ಮೌನವಾದದ್ದನ್ನು ಅವನು ಹೆಡ್‌ಫೋನಿನಲ್ಲಿ ಕೇಳಿದ್ದ. ಗಲಾಟೆ ಮಾಡುವ ತಂತಿಗೆ ಅವನೆಂದೂ ಹೆದರಿರಲಿಲ್ಲ. ಸುಮ್ಮನಾಗುವ ತಂತಿಯದೇ ಭಯ. ಮೊದಲ ಸಲ ಅವನಿಗೆ ಕುರ್ಚಿಗಾಗಿ ಅಲ್ಲ, ಕಾಲಿಗಾಗಿ ಹೆದರಿಕೆಯಾಯಿತು.

“ಐದ ದಿವಸ,” ಎಂದ ಸಣ್ಣ ದನಿಯಲ್ಲಿ. “ಐದ ದಿವಸ ತಡಿ, ದಾನೀ. ಮಳ್ಯಾಗ ಗುಂಡಿಗೆ ಇಳಿಯೂದು ನನಗ ಇನ್ನ ಆಗೂದಿಲ್ಲ.”

ಕೊನೆಗೆ ಒಪ್ಪಂದವಾಯಿತು. ಪಕ್ಕಡದ ಮೇಲೆ ದಿನಕ್ಕೆ ಒಂದೇ ತಾಸು. ಮನೆಗೆ ಬಂದ ಕೂಡಲೇ ಅದನ್ನು ದಾನವ್ವನ ವಶಕ್ಕೆ ಒಪ್ಪಿಸಬೇಕು. ಅವಳು ಅದನ್ನು ಅಕ್ಕಿಡಬ್ಬಿಯಲ್ಲಿ ಹೂತು, ಡಬ್ಬಿಯ ಮೇಲೆ ಕೂತಳು.

ಆಗಸ್ಟ್ ಐದು. ಬೋರ್ಡಿನ ಕೋಣೆಯಲ್ಲಿ ಮುದುಕ ಪಾರ್ಸಿ ಡಾಕ್ಟರೊಬ್ಬರು ಕೂತಿದ್ದರು. ಹಿಂದಿನ ದಿನಗಳಲ್ಲಿ ಕುಂಟುವವರನ್ನು, ಕೆಮ್ಮುವವರನ್ನು, ಕುರುಡರಂತೆ ಗೋಡೆ ತಡವುವವರನ್ನು ಬೇಕಾದಷ್ಟು ನೋಡಿ ಸಾಕಾಗಿದ್ದ ಮುಖ. “ಚಲ್ ಡಿಕ್ರಾ, ಲೇಟ್ ಜಾ,” ಎಂದು, ‘ಮಗನೇ’ ಎಂದು ಕರೆದರೂ ಬೇಸರದಿಂದಲೇ, ಸಿದ್ದಲಿಂಗಪ್ಪನ ಪ್ಯಾಂಟು ಬಿಚ್ಚಿಸಿ ಮಲಗಿಸಿದರು.

ಸ್ನಾನಕ್ಕೆ ಮಾಸಿದಾಗೆಲ್ಲ ತಿದ್ದಿಕೊಂಡಿದ್ದ ನೇರಳೆ ಗೆರೆ ಇನ್ನೂ ಢಾಳಾಗಿತ್ತು. ಡಾಕ್ಟರ್ ಕನ್ನಡಕ ಏರಿಸಿಕೊಂಡರು. ಬೆರಳಿನಿಂದ ಗೆರೆಯನ್ನು ಅನುಸರಿಸುತ್ತ ಸೊಂಟದಿಂದ ಪಾದದವರೆಗೆ ಹೋದರು; ಪಕ್ಕಡದ ಗುರುತು ಮಾತ್ರ ಚಡ್ಡಿಯ ಮರೆಯಲ್ಲೇ ಉಳಿಯಿತು.

“ಯೇ ಕಿಸ್ನೆ ಬನಾಯಾ?” ಇದನ್ನು ಬರೆದವರು ಯಾರೆಂದು ಕೇಳಿದರು.

“ಹಮ್ ಔರ್ ಹಮಾರಾ ವೈಫ್, ಸಾಬ್. ಕೇಬಲ್ ರೂಟ್ ಹೈ.”

ಡಾಕ್ಟರರ ಬೇಸರ ಹಾರಿಹೋಯಿತು. ಮೂವತ್ತು ವರ್ಷದಲ್ಲಿ ರೋಗಿಗಳು ಅವರ ಬಳಿಗೆ ಶಿಫಾರಸು ಪತ್ರ ತಂದಿದ್ದರು, ಮಾವಿನಹಣ್ಣು ತಂದಿದ್ದರು; ನಕ್ಷೆ ತಂದವನು ಇವನೊಬ್ಬನೇ. ಕಾಲೆತ್ತಿದರು, ಎರಡು ಗೇಣಿಗೆ ನಿಜವಾದ ಚೀರಾಟ. ಸೂಜಿ ಚುಚ್ಚಿದರು, ಕಿರುಬೆರಳು ಅರ್ಧ ಕೇಳಿತು, ಅರ್ಧ ಕೇಳಲಿಲ್ಲ. ನಾಟಕವಲ್ಲವೆಂದು ಖಾತ್ರಿಯಾಯಿತು. ಆಮೇಲೆ ಪ್ರೀತಿಯಿಂದ ಒಂದೊಂದಾಗಿ ಕೇಳತೊಡಗಿದರು. ಎಷ್ಟು ದಿನದಿಂದ? ಯಾವ ಹೊತ್ತಿಗೆ ಜಾಸ್ತಿ? ಬೈಠ್ನೇ ಮೇ ಜಾಸ್ತಿ ಕಿ ಚಲ್ನೇ ಮೇ, ಕೂತರೋ ನಡೆದರೋ?

ಜ್ಞಾನಿಯ ಮುಂದೆ ಜ್ಞಾನ ಬಿಚ್ಚುವ ಸುಖ ಎಂಥವನನ್ನೂ ಮೈಮರೆಸುತ್ತದೆ. ಪಕ್ಕಡ ಒಂದನ್ನು ನುಂಗಿಕೊಂಡು, ಉಳಿದದ್ದೆಲ್ಲವನ್ನೂ ಸಿದ್ದಲಿಂಗಪ್ಪ ಹರಿಯಬಿಟ್ಟ. ನಿಂತರೆ ಇಷ್ಟು, ಮಲಗಿದರೆ ಇಷ್ಟು, ನಡೆದಾಡಿದರೆ ಹಗುರ, ಕೂತರೆ ಪ್ರಾಣ ಹೋಗುತ್ತದೆ, ಕೂತ ಅರ್ಧ ತಾಸಿಗೆ ತೊಡೆ, ಒಂದು ತಾಸಿಗೆ ಬೆರಳು. ಡಾಕ್ಟರ್ ತಲೆದೂಗುತ್ತ ಬರೆದರು. ಬೇರೆಯವರಿಗೆ ಎರಡು ಸಾಲು ಬರೆಯುವವರು ಇವನಿಗೆ ಪುಟದ ಹಿಂಬದಿಗೂ ಹೋದರು. ಕೊನೆಗೆ ಬೆನ್ನು ತಟ್ಟಿ, “ಮ್ಯಾನ್‌ಹೋಲ್ ಬಂದ್, ಡಿಕ್ರಾ,” ಎಂದು ಸಹಿ ಹಾಕಿ ಲಕೋಟೆ ಅಂಟಿಸಿದರು.

ಸಿದ್ದಲಿಂಗಪ್ಪ ದಾರಿಯಲ್ಲೇ ಕೊರಗಪ್ಪನ ಹೋಟೆಲಿಗೆ ನುಗ್ಗಿ, ಇಂದು ಸಂಜೆ ಇಡೀ ಮೂರನೇ ಮಾಳಿಗೆಗೆ ಮೈಸೂರುಪಾಕು ಕಳಿಸೆಂದು ಹೇಳಿ, ಆಫೀಸಿಗೆ ಹೋಗಿ ಲಕೋಟೆಯನ್ನು ತಾಂಬೆಯವರ ಮೇಜಿನ ಮೇಲಿಟ್ಟ.

ತಾಂಬೆ ಒಡೆದು ಓದಿದರು. “ವಾಹ್! ‘ಮ್ಯಾನ್‌ಹೋಲ್ ಕೆಲಸಕ್ಕೆ ಪೂರ್ಣ ಅಸಮರ್ಥ.’ ಅಭಿನಂದನ!” ಪುಟ ತಿರುಗಿಸಿದರು. ಹುಬ್ಬು ಗಂಟಿಕ್ಕಿದವು. ಇನ್ನೊಮ್ಮೆ ಓದಿದರು. ಕಪಾಟಿನಿಂದ ಹುದ್ದೆಗಳ ವಿವರದ ದಪ್ಪ ಪುಸ್ತಕ ತೆಗೆದು, ಬೆರಳು ಒದ್ದೆ ಮಾಡಿ ಹಾಳೆ ಮಗುಚಿದರು.

“ಸಿದ್ದಲಿಂಗಪ್ಪಾ, ಹಿಂದಿನ ಪಾನಿನ ಮ್ಯಾಲೆ ಏನು ಬರದಾರ ಕೇಳು. ‘ಕೂಡುವುದರಿಂದ ನೋವು ಉಲ್ಬಣಿಸುತ್ತದೆ. ಕೂತು ಮಾಡುವ ಯಾವ ಕೆಲಸವನ್ನೂ ಕೊಡತಕ್ಕದ್ದಲ್ಲ. ನಡೆದಾಡುವುದು ಹಿತ.’”

“ಹೌದ್ರಿ, ಭಾಳ ಶಾಣ್ಯಾ ಡಾಕ್ಟರ್—” ಎಂದವನು ಅಲ್ಲಿಗೇ ನಿಂತ.

“ಮತ್ತ ಈ ಪುಸ್ತಕದಾಗ ಟೆಸ್ಟ್ ಡೆಸ್ಕ್ ಏನು ಅಂತ ಕೇಳು. ‘ಎಂಟು ತಾಸು ಆಸೀನನಾಗಿ ಮಾಡತಕ್ಕ ಹುದ್ದೆ.’ ಆಸೀನ! ಆತಾ ಕಾಯ್ ಕರಾಯಚಂ? ಈಗೇನು ಮಾಡೂದು?”

“ಸಾಹೇಬ್ರ, ಕುಂತ್ರ ನೂಸೂದು ಕುರ್ಚಿಯಿಂದ ಅಲ್ರಿ! ಪಕ್ಕಡದಿಂದ್ರಿ! ಹಿಂದಿನ ಜೇಬಿನಾಗ ಪಕ್ಕಡ ಇಟಗೊಂಡು ಕುಂಡರತಿದ್ದೆ. ಪಕ್ಕಡ ತಗದ್ರ ಎಷ್ಟ ತಾಸರ ಕುಂಡರತೀನಿ!”

ತಾಂಬೆ ಪೆನ್ನು ಕೆಳಗಿಟ್ಟರು. ಅವರ ಮುಖದಲ್ಲಿ ನಿಜವಾದ ಮರುಕವಿತ್ತು. “ಹಂಗ ಅಂತ ಡಾಕ್ಟರ್ ಕಡೆ ಬರೆಸಿಕೊಂಡ ಬಾ, ಫೈಲಿಗೆ ಹಾಕ್ತೀನಿ. ಆದ್ರ ನಾಳೆ ಸಾಹೇಬರು ಏನಂತಾರ? ಪಕ್ಕಡ ತಗದ್ರ ಗುಣ ಆಗತಾನ ಅಂದ್ರ, ಪಕ್ಕಡ ತಗದು ಮ್ಯಾನ್‌ಹೋಲಿಗೇ ಇಳಿಸ್ರಿ ಅಂತಾರ. ಹೌದೋ ಅಲ್ಲೋ?”

ಸಿದ್ದಲಿಂಗಪ್ಪ ಈ ಮಾತನ್ನು ಎರಡೂ ತುದಿಯಿಂದ ಪರೀಕ್ಷಿಸಿದ. ಲೈನು ಎರಡೂ ಕಡೆ ಬಂದಾಗಿತ್ತು.

“ಒಂದ ಜಾಗಾ ಐತಿ,” ಎಂದರು ತಾಂಬೆ ಪುಸ್ತಕ ನೋಡುತ್ತ. “ಲೈನ್ ಗಸ್ತು. ಅಂಧೇರಿ ಸ್ಟೇಷನ್ನಿಂದ ಸಮುದ್ರದ ದಂಡಿ ತನಕ ಕಂಬದ ಸಾಲು. ತಂತಿಗೆ ಬಳ್ಳಿ ಹಬ್ಬೇದೋ, ಕಾಗಿ ಗೂಡ ಕಟ್ಟೇದೋ ನೋಡಕೋತ ಹೋಗೂದು, ಬರೂದು. ದಿನಕ್ಕ ಒಂಬತ್ತ ಮೈಲು. ಮ್ಯಾನ್‌ಹೋಲ್ ಇಲ್ಲ, ಕೂಡೂದಿಲ್ಲ. ಸರ್ಟಿಫಿಕೇಟಿಗೆ ಶಂಭರ್ ಟಕ್ಕೆ, ನೂರಕ್ಕ ನೂರು ಬರೋಬರ್. ನಾಳಿಂದ ಹಾಜರಾಗು.”

ಹೊರಗೆ ಮಳೆ ಜಡಿಯತೊಡಗಿತ್ತು. ಸಿದ್ದಲಿಂಗಪ್ಪ ಕಿಟಕಿಯಾಚೆ ಒಮ್ಮೆ ನೋಡಿ, ಕೂರಲೆಂದು ಮೇಜಿನ ಈಚೆಗಿದ್ದ ಸ್ಟೂಲನ್ನು ಎಳೆದುಕೊಂಡ.

ತಾಂಬೆ ಕೈ ಚಾಚಿ ಸ್ಟೂಲನ್ನು ತಮ್ಮ ಕಡೆಗೆ ಎಳೆದಿಟ್ಟರು.

“ರಾಗ ಮಾಡಕೋಬ್ಯಾಡ, ಸಿದ್ದಲಿಂಗಪ್ಪಾ,” ಎಂದರು. “ಈ ಕಾಗದ ಫೈಲಿನಾಗ ಇರೂ ತನಕ, ನಿನಗ ‘ಕೂಡ್ರು’ ಅನ್ನಾಕ ನನಗ ಅಧಿಕಾರ ಇಲ್ಲ.”